ಪಿಎಚ್‌ಡಿಗೆ ಮುಂಚೆ: ಬೆಂಚ್ ಕೆಲಸವೋ, ಕೋಡಿಂಗೋ?

ಚಿಗುರೆಲೆ: ಗುರಿ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌ಡಿ. ಎಂಎಸ್ಸಿಯ ಆರು ತಿಂಗಳ ಪ್ರಾಜೆಕ್ಟ್ ಲ್ಯಾಬಿನಲ್ಲಿ ಮಾಡುವುದು ಒಳ್ಳೆಯದಾ, ಡೇಟಾ ವಿಶ್ಲೇಷಣೆಯಲ್ಲಾ?

ಸಾಲುಕೋಡು: ಯೋಚನೆಯೇ ಬೇಡ, ಡೇಟಾ. ಆರ್ ಅಥವಾ ಪೈಥಾನ್, ಜೊತೆಗೆ ಸಂಖ್ಯಾಶಾಸ್ತ್ರ. 20,000 ಜೀನ್‌ಗಳನ್ನು ಪರೀಕ್ಷಿಸಿ ಪಿ-ಮೌಲ್ಯ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವನೀಯತೆ) 0.05ಕ್ಕಿಂತ ಕೆಳಗಿರುವುದನ್ನೆಲ್ಲ ಬಾಚಿಕೊಂಡರೆ, ನಿಜವಾದ ವ್ಯತ್ಯಾಸ ಒಂದೂ ಇರದಿದ್ದರೂ ಸುಮಾರು 1,000 ಜೀನ್ ಪಟ್ಟಿಗೆ ಬಂದು ಕೂರುತ್ತವೆ. ಇಂಥ ಸುಳ್ಳು ಜೀನ್‌ಗಳ ಪಾಲನ್ನು ಹತೋಟಿಯಲ್ಲಿಡುವ ಬೆಂಜಮಿನಿ–ಹಾಕ್‌ಬರ್ಗ್ ವಿಧಾನ 1995ರಿಂದಲೇ ಇದೆ. ಅದು ಗೊತ್ತಿಲ್ಲದೆ ಪಿಎಚ್‌ಡಿಗೆ ಕಾಲಿಟ್ಟರೆ ಸುಳ್ಳು ಜೀನ್ ಹಿಂದೆ ವರ್ಷಗಟ್ಟಲೆ ಅಲೆಯುವುದೇ ಆಗುತ್ತದೆ.

ಪಿಪೆಟ್ಟಪ್ಪ: ಆ ಡೇಟಾ ಬರುವುದು ಎಲ್ಲಿಂದ ಸ್ವಾಮಿ? ಕ್ಯೂಪಿಸಿಆರ್ ತಗೊಳ್ಳಿ, ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡುತ್ತಾ ಅದರ ಪ್ರಮಾಣ ಅಳೆಯುವ ವಿಧಾನ. ಹತ್ತು ಪಟ್ಟು ತೆಳುಗೊಳಿಸುತ್ತಾ ಐದು ಬಿಂದುಗಳ ಸ್ಟ್ಯಾಂಡರ್ಡ್ ಕರ್ವ್ (ಡಿಎನ್‌ಎ ಪ್ರಮಾಣದ ಲಾಗ್‌ಗೆ ಎದುರಾಗಿ, ಸಂಕೇತ ಕಾಣಲು ಬೇಕಾದ ಸುತ್ತುಗಳ ನಕ್ಷೆ) ಹಾಕಿದಾಗ ಇಳಿಜಾರು −3.32 ಬಂದರೆ ದಕ್ಷತೆ 100%, ಅಂದರೆ ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿ. −3.1ರಿಂದ −3.6ರ ಒಳಗಿದ್ದರೆ ನಡೆಯುತ್ತದೆ. −4 ಬಂತೋ, ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕು) ಸರಿಯಿಲ್ಲ, ಇಲ್ಲವೇ ಸ್ಯಾಂಪಲ್‌ನಲ್ಲಿ ಕ್ರಿಯೆ ತಡೆಯುವಂಥದ್ದೇನೋ ಉಳಿದಿದೆ, ಅದೂ ಅಲ್ಲದಿದ್ದರೆ ಪಿಪೆಟ್ ಹಿಡಿದ ಕೈಯದೇ ತಪ್ಪು. ಇದನ್ನು ಕೋಡ್ ಸರಿಮಾಡಲ್ಲ.

ಲ್ಯಾಬಿನಲ್ಲಿ ಬೆಳೆಸುವ ಕೋಶಗಳಿಗೆ (ಕಲ್ಚರ್‌ಗೆ) ಅಂಟುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಇನ್ನೂ ಕಿಲಾಡಿ. ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್‌ಗೆ ಬಗ್ಗಲ್ಲ, 0.22 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳುತ್ತದೆ, ಮೀಡಿಯಂ (ಕೋಶ ಬೆಳೆಸುವ ದ್ರವ) ಮಬ್ಬಾಗುವುದೂ ಇಲ್ಲ. ಪಿಸಿಆರ್ ಅಥವಾ ಡಿಎನ್‌ಎಗೆ ಅಂಟಿ ಹೊಳೆಯುವ ಡ್ಯಾಪಿ ಬಣ್ಣ ಹಾಕಿ ನೋಡುವ ತನಕ ಕಲ್ಚರ್ ಚೆನ್ನಾಗಿಯೇ ಕಾಣುತ್ತಿರುತ್ತದೆ.

ನಡುದಾರಿ: ಇಬ್ಬರೂ ಒಂದನ್ನು ಬಿಟ್ಟಿರಿ: ಪ್ರಯೋಗದ ವಿನ್ಯಾಸ. ಮೂರು ಕಂಟ್ರೋಲ್‌ಗಳ (ಔಷಧಿ ಹಾಕದವುಗಳ) ಆರ್‌ಎನ್‌ಎ ಸೋಮವಾರ, ಔಷಧಿ ಹಾಕಿದ ಮೂರು ಟ್ರೀಟೆಡ್‌ನದ್ದು ಗುರುವಾರ ತೆಗೆದರೆ, ಕಂಡ ವ್ಯತ್ಯಾಸ ಔಷಧಿಯದೋ ದಿನದ್ದೋ? ಯಾವ ಸಾಫ್ಟ್‌ವೇರೂ ಬಿಡಿಸಿ ಹೇಳಲಾರದು. ದಿನಕ್ಕೆ ಎರಡೂ ಗುಂಪಿನಿಂದ ಒಂದೊಂದು ತೆಗೆದಿದ್ದರೆ ಸಾಕಿತ್ತು. ಹಾಗೆಯೇ, ಒಂದೇ ಕಲ್ಚರ್‌ನಿಂದ ಪ್ಲೇಟಿನ ಮೂರು ಬಾವಿಗೆ (ಚಿಕ್ಕ ಗುಳಿಗಳಿಗೆ) ಹಾಕಿದ ಕೋಶಗಳು ಎನ್=3 ಅಲ್ಲ, ಎನ್=1 (ಎನ್ ಅಂದರೆ ಸ್ವತಂತ್ರ ಮಾದರಿಗಳ ಸಂಖ್ಯೆ). ಸಂದರ್ಶನದಲ್ಲಿ ಇಲ್ಲೇ ಕೆದಕುತ್ತಾರೆ.

ಸಾಲುಕೋಡು: ಒಪ್ಪಿದೆ. ಆದರೂ ಎಕ್ಸೆಲ್ ನಂಬಿ ಕೂರಬೇಡಿ. ಮಾರ್ಚ್1 ಎಂಬ ಜೀನ್ ಹೆಸರನ್ನು ಅದು ತಾರೀಖು ಮಾಡಿಬಿಡುತ್ತಿತ್ತು. ಕೊನೆಗೆ ಜೀನ್ ಹೆಸರನ್ನೇ ಬದಲಿಸಿದರು!

ಚಿಗುರೆಲೆ: ಹಾಗಾದರೆ ಲ್ಯಾಬ್ ಆರಿಸುವಾಗ ಏನು ನೋಡಬೇಕು?

ನಡುದಾರಿ: ಪ್ರಕಟಣೆಗಳ ಸಂಖ್ಯೆಗೆ ಮರುಳಾಗಬೇಡಿ. ಹಿಂದಿನ ಐದಾರು ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಮಧ್ಯದಲ್ಲಿ ಬಿಟ್ಟವರೆಷ್ಟು, ಈಗ ಎಲ್ಲಿದ್ದಾರೆ ಎಂದು ಕೇಳಿ. ಪ್ರಾಜೆಕ್ಟಿನ ಅನುದಾನ ಯಾವ ವರ್ಷದವರೆಗೆ ಇದೆ ಅನ್ನುವುದನ್ನೂ ಮುಲಾಜಿಲ್ಲದೆ ಕೇಳಿ. ಈಗಿರುವ ವಿದ್ಯಾರ್ಥಿಗಳೊಂದಿಗೆ ಗೈಡ್ ಇಲ್ಲದಾಗ ಮಾತಾಡಿ.

ಪಿಪೆಟ್ಟಪ್ಪ: ಅಲ್ಲಿನ ನೋಟ್‌ಬುಕ್ ಒಂದನ್ನು ತೆರೆಸಿ ನೋಡಿ. ಆಂಟಿಬಾಡಿಯ ಲಾಟ್ ನಂಬರ್ (ಯಾವ ತಯಾರಿಕೆಯ ಕಂತು), ಕೋಶಗಳ ಪ್ಯಾಸೇಜ್ ಸಂಖ್ಯೆ (ಎಷ್ಟು ಸಲ ಹೊಸ ಪಾತ್ರೆಗೆ ಬದಲಿಸಿ ಬೆಳೆಸಿದ್ದು), ಕೆಟ್ಟುಹೋದ ಪ್ರಯೋಗ ಎಲ್ಲ ಬರೆದಿದ್ದರೆ ಒಳ್ಳೆಯ ಲ್ಯಾಬ್. ಔಷಧ ಕಂಪನಿಯ ಗುಣಮಟ್ಟ ವಿಭಾಗಕ್ಕೆ ಹೋದರೂ ಈ ಅಭ್ಯಾಸವೇ ಅನ್ನ ಹಾಕುತ್ತದೆ. ಅಲ್ಲಿ ಬರೆಯದ ಕೆಲಸ ಮಾಡದ ಕೆಲಸದ ಲೆಕ್ಕ.

ಚಿಗುರೆಲೆ: ಸರಿ, ಲ್ಯಾಬ್ ಪ್ರಾಜೆಕ್ಟನ್ನೇ ಹಿಡಿದು, ಅದರ ಡೇಟಾವನ್ನು ಆರ್‌ನಲ್ಲಿ ವಿಶ್ಲೇಷಿಸುವೆ.

ಸಾಲುಕೋಡು: ಎಷ್ಟು ರೆಪ್ಲಿಕೇಟ್ (ಸ್ವತಂತ್ರ ಪುನರಾವರ್ತನೆ) ಅನ್ನುವುದನ್ನು ಮಾತ್ರ ಮೊದಲ ಸ್ಯಾಂಪಲ್ ತೆಗೆಯುವ ಮುಂಚೆಯೇ ತೀರ್ಮಾನಿಸಿ.