ಪುಟ್ಟೂ, ಬೇಸ್ ತಗೊಳ್ಳೋ ಮುಂಚೆ ಇದನ್ನ ಪೂರ್ತಿ ಕೇಳು

ಪುಟ್ಟೂ, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ನಿನ್ನ ಮೆಸೇಜ್ ನೋಡಿದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಬೇಸ್ ಗಿಟಾರ್ ಬೇಕು, ಬಜೆಟ್ ಕಮ್ಮಿ, ಇಷ್ಟು ವರ್ಷ ಗಿಟಾರ್ ನುಡಿಸಿದ ಕೈಗೆ ಉದ್ದದ ನೆಕ್ ಒಗ್ಗಲ್ಲ, ಸ್ಕೇಲ್ (ತಂತಿ ಮಿಡಿಯೋ ಉದ್ದ) 30 ಇಂಚಿರೋ ಶಾರ್ಟ್ ಸ್ಕೇಲೇ ತಗೊಳ್ಳಲಾ ಅಂತ ಕೇಳಿದೀಯ.

ಬೇಡ ಕಣೋ, 34 ಇಂಚಿನ ಲಾಂಗ್ ಸ್ಕೇಲೇ ತಗೋ. ನಿನ್ನ ಗಿಟಾರ್ 25.5 ಇಂಚಿಂದಾದ್ರೆ ಮೊದಲನೇ ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆ) ಅಗಲ ಸುಮಾರು 36 ಮಿಲಿಮೀಟರ್. ಶಾರ್ಟ್ ಸ್ಕೇಲ್ ಬೇಸಲ್ಲಿ ಅದು 43, 34 ಇಂಚಿಂದ್ರಲ್ಲಿ 48 ಚಿಲ್ಲರೆ. ಎರಡು ಬೇಸ್ ಮಧ್ಯೆ ವ್ಯತ್ಯಾಸ ಐದಾರು ಮಿಲಿಮೀಟರ್ ಅಷ್ಟೇ. ಕೈ ನೋಯೋದು ಗಿಟಾರಲ್ಲಿ ಹಿಡಿದ ಹಾಗೆ ಬೆರಳಿಗೊಂದು ಫ್ರೆಟ್ ಹಿಡಿಯಕ್ಕೆ ಹೋದಾಗ. ಐದನೇ ಫ್ರೆಟ್ ತನಕ ಒಂದು ಸಲಕ್ಕೆ ಮೂರೇ ಫ್ರೆಟ್ ಹಿಡಿ: ತೋರುಬೆರಳು, ಮಧ್ಯದ ಬೆರಳು, ಕಿರುಬೆರಳು. ಉಂಗುರದ ಬೆರಳು ಕಿರುಬೆರಳಿಗೆ ಒತ್ತಾಸೆಯಾಗಿರಲಿ. ಶಾರ್ಟ್ ಸ್ಕೇಲಿಗೆ ಇನ್ನೊಂದು ತಲೆನೋವು, ತಂತಿ ಎಲ್ಲಾ ಅಂಗಡೀಲೂ ಸಿಗಲ್ಲ. ಲಾಂಗ್ ಸ್ಕೇಲ್ ಸೆಟ್ ಹಾಕಿದ್ರೆ ದಪ್ಪ ಭಾಗವೇ ಟ್ಯೂನಿಂಗ್ ಕೀಗೆ ಸುತ್ತಿಕೊಂಡು, ಬಾಗಿದ ಜಾಗದಲ್ಲಿ ಕಟ್ ಆಗತ್ತೆ.

ನಾಲ್ಕು ತಂತಿ ಸಾಕು. ಅಗ್ಗದ ಐದು ತಂತಿಯದ್ರಲ್ಲಿ ಅತಿ ದಪ್ಪದ ಬಿ ತಂತಿ ಬಹಳಷ್ಟು ಸಲ ಸಡಿಲ ಸಡಿಲ. ಪಿಕಪ್ (ತಂತಿಯ ಕಂಪನ ಹಿಡಿಯೋ ಮ್ಯಾಗ್ನೆಟ್) ಪಿ ಅನ್ನೋ ಥರದ್ದು, ಇಲ್ಲಾ ಪಿ ಜೊತೆ ಜೆನೂ ಇರೋ ಪಿಜೆ ಇರಲಿ. ಪೆಂಡಾಲಿನ ಸೀರಿಯಲ್ ಸೆಟ್ ಪಕ್ಕ ನಿಂತಾಗ ಜೆ ಒಂದನ್ನೇ ಆನ್ ಇಟ್ರೆ ಗುಂಯ್ ಅನ್ನತ್ತೆ, ಪಿ ಅನ್ನಲ್ಲ. ಪಿ ಒಳಗಿನ ಎರಡು ಕಾಯಿಲಲ್ಲಿ (ತಂತಿಸುರುಳಿ) ಒಂದರ ಹಮ್‌ನ ಇನ್ನೊಂದು ಹೊಡೆದುಹಾಕತ್ತೆ. ಯಮಾಹ ಟಿಆರ್‌ಬಿಎಕ್ಸ್ 174 ಪಿಜೆ ಇರೋದು, ಪ್ಯಾಸಿವ್, ಅಂದ್ರೆ ಬ್ಯಾಟರಿ ಬೇಡ. ಮೊದಲು ಅದನ್ನ ನೋಡು. ಐಬನೆಜ್ ಜಿಎಸ್‌ಆರ್ 200ನೂ ಚೆನ್ನಾಗೇ ಇದೆ, ಆದ್ರೆ ಅದಕ್ಕೆ 9 ವೋಲ್ಟ್ ಬ್ಯಾಟರಿ ಬೇಕು. ಕೇಬಲ್ ಚುಚ್ಚಿಟ್ಟೇ ಮಲಗಿದ್ರೆ ಬ್ಯಾಟರಿ ಖಾಲಿಯಾಗ್ತಾ ಇರತ್ತೆ.

ಅಂಗಡೀಲಿ ಬಣ್ಣ ನೋಡ್ತಾ ನಿಲ್ಲಬೇಡ, ನೆಕ್ ನೋಡು. ಅತಿ ದಪ್ಪದ ಇ ತಂತೀನ ಮೊದಲನೇ ಫ್ರೆಟ್ಟಲ್ಲೂ ಕೊನೇ ಫ್ರೆಟ್ಟಲ್ಲೂ ಒತ್ತಿ ಹಿಡಿ. ಏಳು ಎಂಟನೇ ಫ್ರೆಟ್ ಹತ್ರ ತಂತಿ ಕೆಳಗೆ ವಿಸಿಟಿಂಗ್ ಕಾರ್ಡ್ ತೂರೋವಷ್ಟು ಸಂದಿ ಇರಬೇಕು. ಸಂದಿ ಇಲ್ಲದಿದ್ರೆ ಬಝ್ ಬರತ್ತೆ, ಜಾಸ್ತಿ ಇದ್ರೆ ತಂತಿ ಮೇಲೆ ನಿಲ್ಲತ್ತೆ. ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡೋ ಒಳಗಿನ ಸರಳು) ಕಾಲು ಸುತ್ತು ತಿರುಗಿಸಿದ್ರೆ ಸಾಮಾನ್ಯವಾಗಿ ಸರಿಹೋಗತ್ತೆ. ಸೆಕೆಂಡ್ ಹ್ಯಾಂಡಲ್ಲಿ ರಾಡ್ ಜಾಮ್ ಆಗಿದ್ರೆ ಮುಟ್ಟಬೇಡ, ವಾಪಸ್ ಇಟ್ಟುಬಿಡು. 12ನೇ ಫ್ರೆಟ್ ಮೇಲೆ ಇ ತಂತಿ ಎರಡೂವರೆ ಮಿಲಿಮೀಟರ್, ಅತಿ ತೆಳುವಾದ ಜಿ ತಂತಿ ಎರಡು, ಅಷ್ಟು ಎತ್ತರ ಇದ್ರೆ ಹಿತ. ಆಮೇಲೆ ಜಿ ತಂತೀನ ಒಂದೊಂದೇ ಫ್ರೆಟ್ ಮೀಟಿ ಬಿಡು, ನಾದ ಎಷ್ಟು ಹೊತ್ತು ನಿಲ್ಲತ್ತೆ ಕೇಳು. ಐದರಿಂದ ಏಳರ ನಡುವೆ ಒಂದು ಸ್ವರ ಮಾತ್ರ ಟಪ್ ಅಂತ ಸತ್ತುಹೋದ್ರೆ ಅದು ಡೆಡ್ ಸ್ಪಾಟ್. ನೆಕ್ಕಿನ ಮರ ತಂತಿಯ ಕಂಪನ ತಿಂತಾ ಇದೆ ಅಂತ ಅರ್ಥ, ತಂತಿ, ನೆಕ್ ಎಷ್ಟು ಹೊಂದಿಸಿದ್ರೂ ಪೂರ್ತಿ ಹೋಗಲ್ಲ. ಅದೇ ಮಾಡೆಲ್ಲಿನ ಇನ್ನೊಂದು ಪೀಸ್ ಕೇಳು, ಅದ್ರಲ್ಲಿ ಇರದೇ ಇರಬಹುದು. ಸ್ಟ್ರಾಪ್ ಹಾಕಿ ಎರಡೂ ಕೈ ಬಿಟ್ಟು ನಿಂತೂ ನೋಡು. ಬೇಸಿನ ತಲೆ ಕೆಳಗೆ ಜಗ್ಗಿದ್ರೆ ಮೂರು ಗಂಟೆ ಪ್ರೋಗ್ರಾಮಲ್ಲಿ ಎಡಗೈಗೆ ಬರೀ ಅದನ್ನ ಎತ್ತಿ ಹಿಡಿಯೋದೇ ಕೆಲಸ.

ಚಿಕ್ಕಪ್ಪ, ನೀವೂ ಗ್ರೂಪಲ್ಲಿ, ಪುಟ್ಟು ಬೇಸನ್ನ ಗಿಟಾರ್ ಆಂಪಿಗೇ ಹಾಕ್ಕೊಳ್ಳಲಿ ಅಂದ್ರಲ್ಲ, ಮನೇಲಿ ಮೆಲ್ಲಗೆ ಆದ್ರೆ ಪರವಾಗಿಲ್ಲ. ಓಪನ್ ಇ 41 ಹರ್ಟ್ಜ್; ಜೋರಾಗಿಟ್ರೆ ಆ ಸ್ಪೀಕರ್ ಕೋನ್ ಹಾಳಾಗಬಹುದು. ವೇದಿಕೇಲಿ ಡಿಐ ಬಾಕ್ಸ್ (ಬೇಸಿನ ಸಿಗ್ನಲ್ ಮಿಕ್ಸರಿಗೆ ಹೊಂದೋ ಹಾಗೆ ಮಾಡೋ ಪೆಟ್ಟಿಗೆ) ಹಾಕಿ ನೇರ ಮಿಕ್ಸರಿಗೆ ಕೊಡೋದು ವಾಸಿ. ಪ್ಯಾಸಿವ್ ಬೇಸ್ ತಗೊಂಡ್ರೆ ಡಿಐ ಆಕ್ಟಿವ್, ಅಂದ್ರೆ ಕರೆಂಟ್ ಬೇಕಾದ್ದು ಇರಲಿ ಪುಟ್ಟೂ, ಇಲ್ದಿದ್ರೆ ಮೇಲಿನ ಶಾರ್ಪ್‌ನೆಸ್ ಹೋಗಿ ಮಂಕಾಗತ್ತೆ. ಅದಕ್ಕೂ ಒಂದು 45–105 ದಪ್ಪದ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕ) ತಂತಿ ಸೆಟ್ಟಿಗೂ ದುಡ್ಡು ಬೇರೆ ಎತ್ತಿಟ್ಟು, ಉಳಿದಿದ್ರಲ್ಲಿ ಬೇಸ್ ನೋಡು. ಅಂಗಡಿಗೆ ಹೋದಾಗ ಆ ಜಿ ತಂತಿ ಮೀಟಿದ್ದನ್ನ ರೆಕಾರ್ಡ್ ಮಾಡಿ ಇಲ್ಲೇ ಕಳಿಸು, ಕೇಳಿ ಹೇಳ್ತೀನಿ.