ಹೊಸ ಕಪಾಟಲ್ಲಿ ಇಟ್ಟ ಉಳಿಗಳಿಗೆಲ್ಲ ತುಕ್ಕು, ತಲೆ ಕೆಟ್ಟು ಹೋಗಿದೆ

ಪೆರ್ಲದ ಉಳಿ
ಸಿಟ್ಟು ತಡೆಯಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ವರ್ಷ ಗೋಣಿಚೀಲದಲ್ಲಿ, ಬಿಸ್ಕೆಟ್ ಡಬ್ಬದಲ್ಲಿ, ಕಿಟಕಿ ದಂಡೆಯಲ್ಲಿ ಹತ್ಯಾರು ಇಟ್ಟವನು ನಾನು. ಮುಕ್ಕಾಲು ಇಂಚಿನ ಉಳಿ ಒಂದು ಬೇಕಾದರೆ ಅರ್ಧ ಗಂಟೆ ಹುಡುಕಬೇಕಿತ್ತು. ಈ ಸಲ ಏಪ್ರಿಲ್‌ನ ಬಿಸು ಹಬ್ಬಕ್ಕೆ ಮೊದಲು ಹಟ ಹಿಡಿದು ಒಂದು ಕಪಾಟು ಮಾಡಿದೆ. ಹಲಸಿನ ಹಲಗೆ. ಮೇಲೆ ಎರಡು ಬಾಗಿಲು, ಒಳಗೆ ಗರಗಸ ಮತ್ತು ಮಟ್ಟಗೋಲು ನೇತು ಹಾಕುವ ಜಾಗ. ಕೆಳಗೆ ಮೂರು ಡ್ರಾಯರ್. ಒಂದೊಂದು ಉಳಿಗೂ ಅಳತೆ ನೋಡಿ ಗಾಡಿ (ತೋಡು) ಕೊರೆದು ಕೂರಿಸಿದ್ದೆ. ನೋಡಿದವರೆಲ್ಲ ಹೊಗಳಿದರು.

ಈಗ ನೋಡಿದರೆ, ಮಳೆಗಾಲದ ಆಟಿ ತಿಂಗಳು ಶುರುವಾಗುವ ಮೊದಲೇ ಉಳಿಗಳ ಮೇಲೆ ಕೆಂಪು ಹುಡಿ. ಮರ ಕೊರೆಯುವ ರೌಟರ್ ಮೆಶಿನಿನ ಬಿಟ್‌ಗಳ ಕಾಲಲ್ಲೂ ಹಾಗೇ. ಗೋಣಿಯಲ್ಲಿ ಇದ್ದಾಗ ಇಷ್ಟು ತುಕ್ಕು ಹಿಡಿದದ್ದಿಲ್ಲ! ಅದು ಸಾಲದು ಅಂತ ಡ್ರಾಯರ್ ಎಳೆದರೆ ಬರುವುದಿಲ್ಲ, ಕಾಲು ಕೊಟ್ಟು ಎಳೆಯಬೇಕು. ಎಂತ ಮಾಡುವುದು?

ಉಪ್ಪಳ ಗರಗಸ
ಉಪ್ಪು ಗಾಳಿ. ಬೇರೆ ಎಂತದೂ ಅಲ್ಲ. ನಮ್ಮಲ್ಲಿ ಗೇಟಿನ ಕೊಂಡಿ ಎರಡೇ ವರ್ಷದಲ್ಲಿ ಉದುರಿ ಹೋಗುತ್ತದೆ. ತಿಂಗಳಿಗೊಮ್ಮೆ ಎಲ್ಲದಕ್ಕೂ ಎಣ್ಣೆ ಉಜ್ಜಿ, ಅಷ್ಟೇ.

ನೀರ್ಚಾಲು ಅಟ್ಟ
ಪೆರ್ಲಕ್ಕೆ ಕಡಲು ಯಾವಾಗ ಬಂತು ಮಾರಾಯ್ರೇ? ನಡುವೆ ಎಷ್ಟು ಗುಡ್ಡ ಉಂಟು!

ಅಣ್ಣ, ಹಲಗೆ ಎಷ್ಟು ಒಣಗಿತ್ತು? ಹಸಿ ಹಲಸಿನಲ್ಲಿ ಕಪಾಟು ಮಾಡಿದರೆ ಮರದ ನೀರೇ ಉಳಿಗೆ ಹೋಗುತ್ತದೆ. ಇನ್ನೊಂದು, ಏಪ್ರಿಲ್‌ನಲ್ಲಿ ಡ್ರಾಯರನ್ನು ಇಂಬು ಬಿಡದೆ ಕೂರಿಸಿರುತ್ತೀರಿ. ಮರ ಉದ್ದಕ್ಕೆ ಉಬ್ಬುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಆರಿಂಚು ಎತ್ತರದ ಡ್ರಾಯರ್ ಮಳೆಗಾಲದಲ್ಲಿ ಎರಡು ಮೂರು ಮಿಲಿಮೀಟರ್ ಬೆಳೆಯುವುದು ದೊಡ್ಡದಲ್ಲ. ಈಗ ಕೀಸಬೇಡಿ. ಈಗ ಕೀಸಿದರೆ ಜನವರಿಯಲ್ಲಿ ಲೊಡಲೊಡ ಆಗುತ್ತದೆ. ಸದ್ಯಕ್ಕೆ ಡ್ರಾಯರ್ ಓಡುವ ಪಟ್ಟಿಗೆ ಮೇಣದಬತ್ತಿ ಉಜ್ಜಿ ಸುಧಾರಿಸಿಕೊಳ್ಳಿ.

ಪೆರ್ಲದ ಉಳಿ
ಹಲಸು ನಮ್ಮದೇ ತೋಟದ್ದು. ಅಟ್ಟದಲ್ಲಿ ಮೂರು ವರ್ಷ ಒಣಗಿದ್ದು. ಹಸಿ ಅಲ್ಲವೇ ಅಲ್ಲ. ಉಳಿಗಳಿಗೆ ಎಣ್ಣೆ ಹಚ್ಚಿದ್ದೆ, ಶುದ್ಧ ತೆಂಗಿನೆಣ್ಣೆ, ನಮ್ಮದೇ ಗಾಣದ್ದು.

ಬೇಕಲ ಬೆಂಚು
ತೆಂಗಿನೆಣ್ಣೆ ದೋಸೆಗೆ ಇರಲಿ. ಹೊಲಿಗೆ ಮೆಶಿನಿನ ಎಣ್ಣೆ ಹಚ್ಚಿ. ನನ್ನ ಕಪಾಟು ನೀರು ತಡೆಯುವ ಐಎಸ್ 710 ಮೆರೈನ್ ಪ್ಲೈವುಡ್‌ನದ್ದು. ಪೂರ್ತಿ ಗೋಡೆಗೆ ಫ್ರೆಂಚ್ ಕ್ಲೀಟ್. 45 ಡಿಗ್ರಿಗೆ ಸೀಳಿದ ಪಟ್ಟಿ ಗೋಡೆಗೆ ಒಂದು, ಸ್ಟ್ಯಾಂಡಿನ ಬೆನ್ನಿಗೆ ಒಂದು. ಬೇಕಾದಾಗ ಎತ್ತಿ ಬೇರೆ ಕಡೆ ಸಿಕ್ಕಿಸಬಹುದು. ಉಳಿಗೆ ಬೇರೆ, ಬೈರಿಗೆಗೆ ಬೇರೆ, ಸ್ಯಾಂಡ್ ಪೇಪರಿಗೆ ನಂಬರ್ ಪ್ರಕಾರ ಖಾನೆ. ಕ್ಲಾಂಪ್ ಒಟ್ಟು 38 ಉಂಟು. ಫೋಟೋ ಹಾಕುತ್ತೇನೆ ರಾತ್ರಿ.

ಉಪ್ಪಳ ಗರಗಸ
ತೆಂಗಿನೆಣ್ಣೆಗೆ ಎಂತ ಆಗಿದೆ? ನಮ್ಮ ಅಜ್ಜ ಹಲಗೆ ನುಣುಪು ಮಾಡುತ್ತಿದ್ದ ಕೀಸುಳಿ ಅದೇ ಎಣ್ಣೆಯಲ್ಲಿ ಅರವತ್ತು ವರ್ಷ ಬಾಳಿದೆ. ಅಗಸೆ ಎಣ್ಣೆಯ ಹಾಗೆ ಅದು ಒಣಗಿ ಹಾಳೆ ಕಟ್ಟುವುದಿಲ್ಲ. ಸಮಸ್ಯೆ ಎಣ್ಣೆಯದ್ದಲ್ಲ, ಉಪ್ಪಿನದ್ದು. ಪಡುವಣ ಗಾಳಿ ಜೋರಿದ್ದರೆ ಉಪ್ಪು ಎಷ್ಟು ದೂರವೂ ಹೋಗುತ್ತದೆ.

ಮಂಜೇಶ್ವರ ಮಾಸ್ಟ್ರು
ಪೆರ್ಲದವರೇ, ಮೂರು ಪ್ರಶ್ನೆ. ತುಕ್ಕು ಎಲ್ಲ ಡ್ರಾಯರಲ್ಲೂ ಒಂದೇ ಸಮ ಉಂಟಾ? ಮೇಲೆ ನೇತು ಹಾಕಿದ ಗರಗಸಕ್ಕೂ ಹಿಡಿದಿದೆಯಾ? ಕಪಾಟು ನಿಂತ ಗೋಡೆ ಯಾವುದು?

ಮುಳ್ಳೇರಿಯ ಮರದಹುಡಿ
ಕೀಸುಳಿ ಅಂದರೆ ನಮ್ಮಲ್ಲಿ ಕೆಲಸಕ್ಕೆ ಬರುವವರಿಗೆ ಗೊತ್ತೇ ಆಗುವುದಿಲ್ಲ, ಚಿಂತೇರ್ ಅನ್ನಬೇಕು. ಅದಿರಲಿ, ಅದನ್ನು ಕಪಾಟಲ್ಲಿ ಮಲಗಿಸಿ ಇಡುತ್ತೀರಾ, ಕೂರಿಸಿ ಇಡುತ್ತೀರಾ? ಕೂರಿಸಿದರೆ ಅಲಗಿನ ಬಾಯಿ ಹಲಗೆಗೆ ತಾಗಿ ಮೊಂಡಾಗುತ್ತದೆ.

ಬೇಕಲ ಬೆಂಚು
ಶಾಲೆಯಲ್ಲಿ ಕ್ರಾಫ್ಟ್ ಮಾಸ್ಟ್ರು ಹಾಗೆ ಹೇಳಿಕೊಟ್ಟದ್ದು, ನಾವೆಲ್ಲ ಇನ್ನೂ ಅದನ್ನೇ ಹೇಳುತ್ತೇವೆ. ತಳದ ಒಂದು ತುದಿಗೆ ತೆಳು ಪಟ್ಟಿ ಕೊಟ್ಟು ಕೂರಿಸಿ, ಅಲಗು ಗಾಳಿಯಲ್ಲಿರುತ್ತದೆ. ಮಲಗಿಸಿದರೆ ಪಕ್ಕದಲ್ಲಿ ಇನ್ನೊಂದು ಉಳಿ ಬಂದು ಅಲಗಿಗೆ ಬಡಿಯುತ್ತದೆ.

ಮುಳ್ಳೇರಿಯ ಮರದಹುಡಿ
ಪಕ್ಕದಲ್ಲಿ ಉಳಿ ಬರುವ ಹಾಗೆ ಇಟ್ಟರೆ ಅದಕ್ಕೆ ಕಪಾಟು ಯಾಕೆ, ಗೋಣಿಯೇ ಸಾಕಲ್ವಾ? 38 ಕ್ಲಾಂಪ್ ಇದ್ದವರಿಗೆ ಜಾಗ ಸಾಕಾಗುವುದಿಲ್ಲ, ಗೊತ್ತಾಯಿತು.

ನೀರ್ಚಾಲು ಅಟ್ಟ
ಇಬ್ಬರೂ ಬೇರೆ ಕಡೆ ಹೋಗಿ ಜಗಳ ಮಾಡಿ. ನನಗೆ ಈಗ ಗೋಡೆಯ ಮೇಲೆ ಸಂಶಯ. ನಮ್ಮೂರ ಮನೆಗಳೆಲ್ಲ ಮುರಕಲ್ಲಿನವು (ಕೆಂಪು ಜಂಬಿಟ್ಟಿಗೆ ಕಲ್ಲು). ಹೊರಗೆ ಗಾರೆ ಇಲ್ಲದಿದ್ದರೆ ಜೂನ್ ಜುಲೈಯಲ್ಲಿ ಕಲ್ಲು ನೀರು ಕುಡಿದು ಒಳಗೆ ಬೆವರುತ್ತದೆ. ಕಪಾಟಿನ ಬೆನ್ನು ಗೋಡೆಗೆ ಒತ್ತಿದ್ದರೆ ಆ ಪಸೆ ನೇರ ಒಳಗೆ. ಎರಡು ಇಂಚು ಮುಂದೆ ತನ್ನಿ, ಹಿಂದೆ ಗಾಳಿ ಓಡಲಿ.

ಪೆರ್ಲದ ಉಳಿ
ಮಾಸ್ಟ್ರೇ, ಗೋಡೆ ಮುರಕಲ್ಲೇ, ಆದರೆ ಎರಡೂ ಕಡೆ ಗಾರೆ ಉಂಟು, ಕೈಯಿಟ್ಟರೆ ಒಣ. ಕಪಾಟು ಎರಡು ಇಂಚು ಮುಂದೇ ಉಂಟು. ಇದನ್ನೆಲ್ಲ ನಾನೇ ಯೋಚಿಸಿ ಮಾಡಿದ್ದು, ಸುಮ್ನೆ ಮಾಡಿದ್ದಲ್ಲ. ಪಸೆ ಕುಡಿಯುವ ಸಿಲಿಕಾ ಜೆಲ್ ಪೊಟ್ಟಣವೂ ಹಾಕಿದ್ದೆ, ವಾರದಲ್ಲಿ ನೀಲಿ ಹೋಗಿ ಗುಲಾಬಿ ಆಯಿತು.

ಮಂಜೇಶ್ವರ ಮಾಸ್ಟ್ರು
ಸಂದು ಇರುವ ಮರದ ಡ್ರಾಯರಿಗೆ ಸಿಲಿಕಾ ಜೆಲ್ ಹಾಕುವುದು ಕೆರೆಯ ನೀರು ಚಮಚದಲ್ಲಿ ಎತ್ತಿದ ಹಾಗೆ. ಅದು ಬಿಗಿ ಮುಚ್ಚಳದ ಡಬ್ಬಿಗೆ ಸರಿ. ರೌಟರ್ ಬಿಟ್‌ಗಳನ್ನು ಹಾಗೆ ಡಬ್ಬಿಯಲ್ಲಿ ಇಡಬಹುದು.

ನನ್ನ ಮೊದಲ ಎರಡು ಪ್ರಶ್ನೆಗೆ ಉತ್ತರ ಬರಲಿಲ್ಲ. ಇರಲಿ, ಒಂದು ಕೆಲಸ ಮಾಡಿ. ನಾಲ್ಕು ಹೊಸ ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಜಿಂಕ್ ಹಚ್ಚಿದ್ದು ಬೇಡ. ಸ್ಯಾಂಡ್ ಪೇಪರಲ್ಲಿ ಹೊಳೆಯುವಷ್ಟು ಉಜ್ಜಿ, ಎಣ್ಣೆ ಕೈ ತಾಗಿಸದೆ ಒಂದನ್ನು ಮೇಲಿನ ಬಾಗಿಲಿನ ಒಳಗೆ, ಒಂದನ್ನು ಮೊದಲ ಡ್ರಾಯರಲ್ಲಿ, ಒಂದನ್ನು ಕೊನೆಯ ಡ್ರಾಯರಲ್ಲಿ, ಇನ್ನೊಂದನ್ನು ಹೊರಗೆ ಬೆಂಚಿನ ಮೇಲೆ ಇಡಿ. ಮೂರು ದಿನ ಬಿಟ್ಟು ಹೇಳಿ. ಗಾಳಿಯ ಪಸೆ 60 ಶೇಕಡಾ ದಾಟಿದರೆ ಕಬ್ಬಿಣಕ್ಕೆ ತುಕ್ಕು ಬೇಗ ಬೇಗ ಹಿಡಿಯುತ್ತದೆ. ನಮ್ಮ ಜುಲೈಯಲ್ಲಿ ಅದು 60ಕ್ಕೆ ಇಳಿಯುವುದೇ ಅಪರೂಪ. ಹಾಗಾಗಿ ಬೆಂಚಿನ ಮೊಳೆಗೂ ಸ್ವಲ್ಪ ಹಿಡಿದೀತು. ಯಾವುದಕ್ಕೆ ಜಾಸ್ತಿ, ಅದು ಮುಖ್ಯ.

ಉಪ್ಪಳ ಗರಗಸ
ಮೊಳೆ ಇಟ್ಟು ಕಾಯುವುದಕ್ಕಿಂತ 40 ವಾಟ್‌ನ ಹಳೆ ಬಲ್ಬ್ ಒಂದು ಕಪಾಟಿನೊಳಗೆ ಉರಿಸಿ. ಒಳಗೆ ಬಿಸಿ ಇದ್ದರೆ ಉಪ್ಪೂ ಇಲ್ಲ, ಪಸೆಯೂ ಇಲ್ಲ.

ನೀರ್ಚಾಲು ಅಟ್ಟ
ಮರದ ಹುಡಿ ಇರುವ ಕಡೆ ರಾತ್ರಿಯಿಡೀ ಬಲ್ಬ್? ಕಪಾಟೇ ಸುಟ್ಟರೆ ತುಕ್ಕಿನ ಚಿಂತೆ ಇಲ್ಲ, ನಿಜ.

ಬೇಕಲ ಬೆಂಚು
ಫೋಟೋ ಹಾಕಿದ್ದೇನೆ. ಎಡಗಡೆ ಕಾಣುವುದು ಪೈಪ್ ಕ್ಲಾಂಪ್, ಅದು ಈ 38ರಲ್ಲಿ ಸೇರಿಲ್ಲ.

ಪೆರ್ಲದ ಉಳಿ
ಮಾಸ್ಟ್ರೇ, ಮೂರು ದಿನ ಆಯಿತು. ಮೇಲಿನ ಮೊಳೆ ಹೊಳೆಯುತ್ತಲೇ ಉಂಟು. ಮೊದಲ ಡ್ರಾಯರಲ್ಲಿ ಅಲ್ಲಲ್ಲಿ ಚುಕ್ಕಿ. ಬೆಂಚಿನದಕ್ಕೂ ಚುಕ್ಕಿ. ಕೊನೆಯ ಡ್ರಾಯರಿನದ್ದು ಪೂರ್ತಿ ಕೆಂಪು, ಮುಟ್ಟಿದರೆ ಹುಡಿ ಬರುತ್ತದೆ. ಈಗ ನೆನಪಾಯಿತು, ಉಳಿ ಮತ್ತು ಬಿಟ್ ಎರಡೂ ಕೊನೆಯ ಡ್ರಾಯರಲ್ಲೇ ಇದ್ದದ್ದು. ಗರಗಸ ಚೆನ್ನಾಗಿಯೇ ಉಂಟು.

ಮಂಜೇಶ್ವರ ಮಾಸ್ಟ್ರು
ಅದನ್ನೇ ಮೊದಲ ದಿನ ಕೇಳಿದ್ದು. ಆ ಡ್ರಾಯರಿನ ಕೆಳಗೆ ನೆಲಕ್ಕೂ ಕಪಾಟಿಗೂ ನಡುವೆ ಎಂತ ಉಂಟು?

ಪೆರ್ಲದ ಉಳಿ
ಎಂತದೂ ಇಲ್ಲ. ಒಂದಡಿ ಕಾಲು ಕೊಟ್ಟಿದ್ದೇನೆ. ರಬ್ಬರಿನ ಸಾಮಾನು ಒಂದೆರಡು ತಳ್ಳಿಟ್ಟದ್ದು, ಅಷ್ಟೇ.

ನೀರ್ಚಾಲು ಅಟ್ಟ
ರಬ್ಬರಿನ ಸಾಮಾನು ಅಂದರೆ? ರಬ್ಬರ್ ಹಾಲು ಹಿಡಿಯುವ ಚೆರಟೆಯಾ?

ಪೆರ್ಲದ ಉಳಿ
ಚೆರಟೆ, ಕತ್ತಿ, ಮತ್ತೆ ಆ ಹಾಲು ಹೆಪ್ಪು ಹಾಕುವ ಆಸಿಡ್. ಕ್ಯಾನಿಗೆ ಮುಚ್ಚಳ ಉಂಟು.

ಮಂಜೇಶ್ವರ ಮಾಸ್ಟ್ರು
ಸಿಕ್ಕಿತು. ಅದು ಫಾರ್ಮಿಕ್ ಆಸಿಡ್. ಮರದ ಕೆಂಪಿರುವೆ ಕಚ್ಚಿದಾಗ ಉರಿಸುವುದೂ ಅದೇ. ಅದು ಸುಮ್ಮನೆ ಕೂರುವ ಆಸಿಡ್ ಅಲ್ಲ, ಗಾಳಿಗೆ ಏಳುತ್ತದೆ. ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಸಾಕು. ಮಳೆಗಾಲದ ಪಸೆಯ ಜೊತೆ ಸೇರಿ ಕಬ್ಬಿಣದ ಮೇಲೆ ಕೂತರೆ ಯಾವ ಎಣ್ಣೆಯೂ ನಿಲ್ಲದು. ನಿಮ್ಮ ಡ್ರಾಯರಿನ ತಳ ಆ ಕ್ಯಾನಿಗೆ ಮಾಡಿದ ಛಾವಣಿಯ ಹಾಗೆ ಆಗಿದೆ. ಗೋಣಿಚೀಲ ಬೇರೆ ಕೋಣೆಯಲ್ಲಿ ಇತ್ತಲ್ವಾ?

ಪೆರ್ಲದ ಉಳಿ
ಹೌದು, ಜಗಲಿಯಲ್ಲಿ ಇತ್ತು. ಛೆ! ಅಮ್ಮ ಆವತ್ತೇ ಹೇಳಿದ್ದರು, ಕೋಣೆಯಲ್ಲಿ ಮೂಗಿಗೆ ಕುಟ್ಟುವ ವಾಸನೆ ಅಂತ. ಹೊಸ ವಾರ್ನಿಶ್ ವಾಸನೆ ಅಂತ ನಾನೇ ಬಾಯಿ ಮುಚ್ಚಿಸಿದ್ದೆ.

ಉಪ್ಪಳ ಗರಗಸ
ಆಸಿಡ್ ಇರಬಹುದು. ಆದರೆ ಉಪ್ಪು ಇಲ್ಲದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಮುಳ್ಳೇರಿಯ ಮರದಹುಡಿ
ಕ್ಯಾನ್ ಹೊರಗೆ ಹಾಕುವಾಗ ಮೈಲುತುತ್ತಿನ ಚೀಲ ಇದ್ದರೆ ಅದನ್ನೂ ತೆಗೆಯಿರಿ. ಅದು ಗಾಳಿಗೆ ಏಳುವುದಿಲ್ಲ, ಆದರೆ ಹುಡಿ ಉದುರಿ ಉಕ್ಕಿನ ಮೇಲೆ ಬಿದ್ದು ಪಸೆಯಾದರೆ ತಿನ್ನುತ್ತದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಪಾತ್ರೆ ಬಳಸಬಾರದು ಅನ್ನುವುದು ಅದಕ್ಕೇ.

ಪೆರ್ಲದ ಉಳಿ
ಅದೂ ಇತ್ತು. ಎರಡನ್ನೂ ರಬ್ಬರ್ ಶೀಟ್ ಮಾಡುವ ಶೆಡ್ಡಿಗೆ ಸಾಗಿಸಿದೆ. ಈಗ ಒಂದು ಪ್ರಶ್ನೆ. ಡ್ರಾಯರಿನ ಮರವೇ ಆಸಿಡ್ ಕುಡಿದಿದ್ದರೆ? ಹೊಸ ತಳ ಹಾಕಬೇಕಾ? ಉಳಿಗಳನ್ನು ಉಜ್ಜಿ ಮಸೆದಾಗಿದೆ, ಎರಡರಲ್ಲಿ ಹೊಂಡ ಬಿದ್ದಿದೆ, ಬೆನ್ನಿನ ಕಡೆ.

ಮಂಜೇಶ್ವರ ಮಾಸ್ಟ್ರು
ಬೆನ್ನಿನ ಹೊಂಡ ಅಲಗಿನ ತುದಿಯವರೆಗೆ ಬಂದಿದ್ದರೆ ಬಾಯಿ ಹಲ್ಲುಹಲ್ಲಾಗುತ್ತದೆ. ಹೊಂಡ ದಾಟುವವರೆಗೆ ಮಸೆದು ಬಾಯಿ ಹಿಂದೆ ತರಬೇಕು, ಬೇರೆ ದಾರಿ ಇಲ್ಲ. ಡ್ರಾಯರ್ ಹೊರಗೆ ತೆಗೆದು ಬಿಸಿಲು ಕಂಡ ದಿನ ಒಣಗಿಸಿ. ಆಮೇಲೆ ಮತ್ತೊಂದು ಮೊಳೆ ಉಜ್ಜಿ ಇಡಿ. ಅಲ್ಲಿಯವರೆಗೆ ಉಳಿಗಳನ್ನು ಮೇಲಿನ ಬಾಗಿಲಿನ ಒಳಬದಿಗೆ ಪಟ್ಟಿ ಹೊಡೆದು ನಿಲ್ಲಿಸಿ. ದಿನಾ ಕೈಗೆ ಬೇಕಾದದ್ದು ಸೊಂಟದ ಕೆಳಗೆ ಇರಬಾರದು, ನನ್ನ ಲೆಕ್ಕದಲ್ಲಿ.

ಪೆರ್ಲದ ಉಳಿ
ಬಿಸಿಲು ಎಲ್ಲಿಂದ ತರುವುದು ಮಾಸ್ಟ್ರೇ, ಐದು ದಿನದಿಂದ ಸೂರ್ಯ ಕಂಡಿಲ್ಲ. ಅಡಿಕೆ ಒಣಗಿಸುವ ಗೂಡಿನ ಒಲೆಯ ಹತ್ತಿರ ಇಟ್ಟಿದ್ದೇನೆ. ಮೊಳೆ ಉಜ್ಜಿ ಹಾಕಿದೆ. ಶನಿವಾರ ಹೇಳುತ್ತೇನೆ.

ಬೇಕಲ ಬೆಂಚು
ನನ್ನ ಫೋಟೋ ಯಾರಿಗೂ ತೆರೆಯುತ್ತಿಲ್ಲವಾ?