ಆಟದ ಊರಿಗೆ ಎಷ್ಟು ಜನ ಬೇಕು? ಆಡಿದವರು, ಮಾಡಿದವರು ಹೇಳಿ

ಪ್ರಶ್ನೆ, ವಿಜಯಪುರದಿಂದ

ನಾನೂ ನನ್ನ ದೋಸ್ತನೂ ಸೇರಿ ಒಂದು ಸಣ್ಣ ಫ್ಯಾಂಟಸಿ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಕಥೆಯ ಆಟ) ಮಾಡುತ್ತಿದ್ದೇವೆ. ಮೇಲಿಂದ ನೋಡುವ ಪಿಕ್ಸೆಲ್ ಆಟ, ಕಟ್ಟುತ್ತಿರುವುದು ಗೊಡೊ ಎಂಬ ಆಟ ಮಾಡುವ ಸಾಫ್ಟ್‌ವೇರ್‌ನಲ್ಲಿ. ಆಟದ ಊರು ನಮ್ಮೂರಿನ ಥರವೇ ಇದೆ. ಸುತ್ತ ಕೋಟೆ ಗೋಡೆ, ನಡುವೆ ದೊಡ್ಡ ಗುಮ್ಮಟ, ಮೆಟ್ಟಿಲಿಳಿದು ಹೋಗುವ ಬಾವಡಿ, ಒಂದು ಪೇಟೆ. ನಮ್ಮಿಬ್ಬರಿಗೆ ಜಗಳ ಇರುವುದು ಜನರ ವಿಷಯಕ್ಕೆ. ಕಥೆಗೆ ಬೇಕಾದವರು ಎಂಟೇ ಮಂದಿ. ಬೀದಿಯಲ್ಲಿ ಇನ್ನೂ ನಲವತ್ತು ಜನ ಓಡಾಡದಿದ್ದರೆ ಊರು ಹಾಳು ಸುರಿಯುತ್ತದೆ ಎಂದು ಅವನ ವಾದ. ಆ ನಲವತ್ತು ಜನರನ್ನು ಯಾರೂ ಮಾತಾಡಿಸುವುದಿಲ್ಲ, ಸುಮ್ನೆ ನಮ್ಮ ನಿದ್ದೆ ಹಾಳು ಎಂದು ನನ್ನ ವಾದ. ಹಿನ್ನೆಲೆಯ ಪಾತ್ರಗಳಿಂದ ಆಟದ ಲೋಕಕ್ಕೆ ನಿಜವಾಗಿ ಜೀವ ಬರುತ್ತದಾ? ನಿಮ್ಮ ಅನುಭವ ಹೇಳಿ.

ಬೆಳಗಾವಿಯಿಂದ

ಬರುತ್ತದೆ ತಮ್ಮಾ. ಆದರೆ ನಲವತ್ತು ಜನ ಓಡಾಡಿದ ಮಾತ್ರಕ್ಕೆ ಬರುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಆಟಗಾರನ ಕೆಲಸಕ್ಕೆ ಅಡ್ಡ ಬರುವವನು ನೆನಪಲ್ಲಿ ಉಳಿಯುತ್ತಾನೆ, ದಾರಿ ಬಿಟ್ಟು ನಿಲ್ಲುವವನು ಮರೆತು ಹೋಗುತ್ತಾನೆ. ಅಡ್ಡ ಅಂದರೆ ಕತ್ತಿ ಹಿಡಿದು ಬರಬೇಕು ಅಂತಲ್ಲ. ಅವನಿಗೆ ಅವನದೇ ಒಂದು ಕೆಲಸ ಇರಬೇಕು, ಅದು ಎಲ್ಲೋ ಒಂದು ಕಡೆ ನಿಮ್ಮ ಹೀರೋನ ಕೆಲಸಕ್ಕೆ ತಾಗಬೇಕು.

2001ರ ಗಾಥಿಕ್ ಆಡಿ ನೋಡಿ. ಜರ್ಮನಿಯ ಪಿರಾನ್ಹಾ ಬೈಟ್ಸ್‌ನವರು ಮಾಡಿದ್ದು. ಗ್ರಾಫಿಕ್ಸ್ ಈಗ ನೋಡಿದರೆ ನಗು ಬರುತ್ತದೆ, ಕಂಟ್ರೋಲ್ ಅಂತೂ ದೇವರೇ ಗತಿ. ಆದರೆ ಅಲ್ಲಿ ಯಾರದೋ ಗುಡಿಸಲಿಗೆ ನುಗ್ಗಿದರೆ ಮನೆಯವನು ಹೊರಗೆ ನಡಿ ಅನ್ನುತ್ತಾನೆ. ನಡೆಯದಿದ್ದರೆ ಹೊಡೆಯಲು ಬರುತ್ತಾನೆ. ಜನರ ನಡುವೆ ಸುಮ್ಮನೆ ಕತ್ತಿ ಹಿರಿದು ನಿಂತರೂ ಒಳಗಿಡು ಎಂದು ಗದರುತ್ತಾರೆ. ಹಗಲು ಕೆಲಸ, ರಾತ್ರಿ ಬೆಂಕಿಯ ಸುತ್ತ ಹರಟೆ, ಆಮೇಲೆ ನಿದ್ದೆ. ಬೇರೆ ಎಷ್ಟೋ ಆಟಗಳಲ್ಲಿ ಮನೆಗೆ ನುಗ್ಗಿ, ಪೆಟ್ಟಿಗೆ ತೆಗೆದು, ಗಡಿಗೆ ಒಡೆದರೂ ಮನೆಯವರು ನಗುತ್ತಾ ನಿಂತಿರುತ್ತಾರೆ. ಅವರನ್ನು ಮನುಷ್ಯರು ಅಂತ ಹೇಗೆ ನಂಬೋದು?

ದಿನಚರಿ ಕೊಡುವುದು ಹಳೆಯ ವಿದ್ಯೆ. 1988ರ ಅಲ್ಟಿಮಾ 5ರಲ್ಲೇ ಊರಿನವರು ಹೊತ್ತಿಗೆ ಸರಿಯಾಗಿ ಏಳುತ್ತಿದ್ದರು, ಕೆಲಸಕ್ಕೆ ಹೋಗುತ್ತಿದ್ದರು, ಮಲಗುತ್ತಿದ್ದರು. 2006ರ ಆಬ್ಲಿವಿಯನ್ ಇದನ್ನೇ ರೇಡಿಯಂಟ್ ಎಐ ಎಂದು ಹೆಸರಿಟ್ಟು ದೊಡ್ಡದಾಗಿ ಮಾಡಿತು. ಪ್ರತಿಯೊಬ್ಬರಿಗೂ ಊಟ, ನಿದ್ದೆ, ತಿರುಗಾಟ. ಶ್ರಮ ಕಡಿಮೆಯದಲ್ಲ. ಆದರೆ ಯಾವ ಆಟಗಾರ ದಿನವಿಡೀ ಒಬ್ಬ ಅಂಗಡಿಯವನ ಬೆನ್ನು ಹತ್ತಿ ತಿರುಗುತ್ತಾನೆ ಹೇಳಿ? ನನಗೆ ನೆನಪಿರುವುದು ಭಿಕ್ಷುಕ ಒಬ್ಬನೇ. ಕಾಸು ಬೇಡುವಾಗ ನಡುಗುವ ಮುದುಕನ ದನಿ. ಊರಿನ ಸುದ್ದಿ ಕೇಳಿದರೆ ಅದೇ ಬಾಯಿಂದ ಬೇರೆಯೇ ಗಟ್ಟಿ ದನಿ! ದನಿ ಕೊಟ್ಟವರು ಕೆಲವೇ ಜನ, ಸಾಲುಗಳು ಸಾವಿರಾರು. ಅಷ್ಟೆಲ್ಲ ದಿನಚರಿ ಬರೆದರೂ ಜನ ಇವತ್ತಿಗೂ ಹೇಳಿಕೊಂಡು ನಗುವುದು ಆ ಎರಡು ಗಂಟಲನ್ನೇ.

ಈಗ ಸ್ಟಾರ್‌ಡ್ಯೂ ವ್ಯಾಲಿ ನೋಡಿ. 2016ರ ಆಟ, ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ್ದು. ಅದರಲ್ಲಿ ಬೀಜದ ಅಂಗಡಿ ಪಿಯೇರ್ ಎಂಬಾತನದು. ಬುಧವಾರ ಬಂದ್. ಹೊಸದಾಗಿ ಆಡುವವನು ನೆಲ ಹದ ಮಾಡಿ, ಕಾಸು ಕೂಡಿಸಿ, ಓಡಿ ಹೋಗುತ್ತಾನೆ. ಬಾಗಿಲು ಹಾಕಿದೆ. ಬಡಗಿ ರಾಬಿನ್ ಮಂಗಳವಾರ ಸಿಗುವುದಿಲ್ಲ, ಅವಳು ಗೆಳತಿಯರ ಜೊತೆ ವ್ಯಾಯಾಮಕ್ಕೆ ಹೋಗಿರುತ್ತಾಳೆ. ಆ ಕ್ಷಣ ಸಿಟ್ಟು ಬರುತ್ತದೆ. ಆದರೆ ಅವತ್ತಿನಿಂದ ಪಿಯೇರ್ ನಿಮ್ಮ ಪಾಲಿಗೆ ಒಬ್ಬ ಆಸಾಮಿ, ಬರೀ ಅಂಗಡಿಯ ಕಿಟಕಿ ಅಲ್ಲ. ಇಷ್ಟಕ್ಕೆ ಖರ್ಚಾದದ್ದು ಏನು? ಕೋಡ್‌ನಲ್ಲಿ ಒಂದು ಷರತ್ತು, ಬಾಗಿಲಿಗೆ ಒಂದು ಬೋರ್ಡು.

ಇನ್ನು ಮಜೋರಾಸ್ ಮಾಸ್ಕ್. 2000ದ ನಿಂಟೆಂಡೊ ಆಟ. ಮೂರು ದಿನದಲ್ಲಿ ಚಂದ್ರ ಊರ ಮೇಲೆ ಬೀಳುತ್ತಾನೆ, ಆ ಮೂರೇ ದಿನ ಮತ್ತೆ ಮತ್ತೆ ಆಡಬೇಕು. ಊರಲ್ಲಿ ಒಬ್ಬ ಅಂಚೆಯವನು ಇದ್ದಾನೆ. ನಿಮಿಷಕ್ಕೆ ಸರಿಯಾಗಿ ಓಡಾಡುವವನು. ಕೊನೆಯ ರಾತ್ರಿ ಹೆಚ್ಚಿನವರು ಊರು ಬಿಟ್ಟು ಹೋಗಿರುತ್ತಾರೆ. ಇವನಿಗೂ ಓಡಿಹೋಗುವ ಆಸೆ, ಆದರೆ ವೇಳಾಪಟ್ಟಿಯಲ್ಲಿ ಅದು ಬರೆದಿಲ್ಲ! ಮೊದಲ ದಿನದಿಂದ ಸುಮ್ಮನೆ ಪಕ್ಕದಲ್ಲಿ ಓಡಿಹೋಗುತ್ತಿದ್ದವನು ಅವನೇ. ಆಗ ನಾವು ಗಮನಿಸಿರುವುದಿಲ್ಲ. ನನ್ನನ್ನು ಕೇಳಿದರೆ ಹಿನ್ನೆಲೆ ಪಾತ್ರ ಎಂದರೆ ಇವನೇ. ಇವನ ಮುಂದೆ ನಲವತ್ತು ಜನರ ಗುಂಪು ಲೆಕ್ಕಕ್ಕಿಲ್ಲ.

ನಿಮ್ಮ ಬಾವಡಿಗೆ ಬರೋಣ. ಅಲ್ಲಿ ನಾಲ್ಕು ಜನ ಸಾಕು. ಬೆಳಗ್ಗೆ ನೀರಿಗೆ ಬರುತ್ತಾರೆ, ಬಯ್ದಾಡುತ್ತಾರೆ, ಹೋಗುತ್ತಾರೆ. ಕಥೆಯಲ್ಲಿ ಬಾವಡಿಗೆ ಏನೋ ಬಂದು ನೀರು ಕಹಿಯಾಯಿತು ಅಂದುಕೊಳ್ಳಿ. ಮರುದಿನ ಆ ನಾಲ್ವರೂ ಅಲ್ಲಿಲ್ಲ, ಕೋಟೆ ಬಾಗಿಲ ಹತ್ತಿರ ಖಾಲಿ ಕೊಡ ಇಟ್ಟುಕೊಂಡು ಪಾಳಿಗೆ ನಿಂತಿದ್ದಾರೆ. ಒಂದು ಸಾಲು ಮಾತು ಬೇಡ, ಆಟಗಾರನಿಗೆ ತಾನಾಗಿಯೇ ತಿಳಿಯುತ್ತದೆ.

ಬಾಗಲಕೋಟೆಯಿಂದ

ಬೆಳಗಾವಿ ಅಣ್ಣಾವ್ರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಎಲ್ಲರೂ ಅಡ್ಡ ಬಂದರೆ ಆಟ ಸರ್ಕಾರಿ ಆಫೀಸಿಗೆ ಅಲೆದಂತೆ ಆಗುತ್ತದೆ ರೀ. ನನಗೆ ಬೇಕಾಗಿರುವುದು ಸುದ್ದಿ. ಹೋದ ಸಲ ಮಾತಾಡಿಸಿದ ಹೆಂಗಸು ಈ ಸಲ ಬೇರೆ ಏನಾದರೂ ಹೇಳುತ್ತಾಳಾ? ಹೇಳಿದರೆ ನಾನು ಊರೆಲ್ಲ ಸುತ್ತುತ್ತೇನೆ. ಟ್ರೇಲ್ಸ್ ಆಟಗಳಲ್ಲಿ ಇದನ್ನು ಹುಚ್ಚು ಹಿಡಿದವರಂತೆ ಮಾಡಿದ್ದಾರೆ. ಜಪಾನಿನ ಫಾಲ್ಕಮ್‌ನವರು, ಟ್ರೇಲ್ಸ್ ಇನ್ ದ ಸ್ಕೈ ಮೊದಲು ಬಂದದ್ದು 2004ರಲ್ಲಿ. ಕಥೆ ಒಂದು ಹೆಜ್ಜೆ ಮುಂದೆ ಹೋದರೆ ಸಾಕು, ಬೀದಿಯಲ್ಲಿ ನಿಂತವರ ಮಾತು ಬದಲಾಗುತ್ತದೆ. ಎಲ್ಲರಿಗೂ ಹೆಸರಿದೆ, ಅವರವರ ತಲೆನೋವಿದೆ. ಅವರು ನನ್ನ ದಾರಿಗೆ ಅಡ್ಡ ಬರುವುದೇ ಇಲ್ಲ, ಆದರೂ ನಾನು ಅವರನ್ನು ಹುಡುಕಿಕೊಂಡು ಹೋಗುತ್ತೇನೆ. ನೀವಿಬ್ಬರೇ ಮಾಡುತ್ತಿರುವುದರಿಂದ ಅಷ್ಟು ಬರೆಯಲು ಆಗುವುದಿಲ್ಲ. ಹತ್ತು ಜನರನ್ನು ಆರಿಸಿ, ಒಬ್ಬೊಬ್ಬರಿಗೆ ಐದಾರು ಹಂತದ ಮಾತು ಬರೆಯಿರಿ.

ಇನ್ನೊಂದು. ಜನರನ್ನು ತೋರಿಸದೆಯೂ ಜನ ಇದ್ದಾರೆ ಅನ್ನಿಸಬಹುದು. ವಿಚರ್ 3ರಲ್ಲಿ (2015) ಹಳ್ಳಿಗೊಂದು ನೋಟಿಸ್ ಬೋರ್ಡ್ ಇದೆ. ಹೀರೋಗೆ ಬೇಕಾದ ಕೆಲಸದ ಚೀಟಿಗಳ ಪಕ್ಕದಲ್ಲೇ ಯಾರದೋ ಗೋಳು, ಯಾರದೋ ಬೆದರಿಕೆ, ಯಾವುದೋ ಮಾರಾಟದ ಚೀಟಿ. ಬರೆದವರು ಕಣ್ಣಿಗೆ ಬೀಳದೆಯೂ ಇರಬಹುದು. ಆದರೂ ಊರು ತುಂಬಿದೆ ಅನ್ನಿಸುತ್ತದೆ. ಚಿತ್ರ ಬಿಡಿಸುವ ಖರ್ಚೂ ಇಲ್ಲ.

ನಮ್ಮ ಕಡೆಯ ದೊಡ್ಡಾಟದ ಸಾರಥಿಯನ್ನು ನೋಡಿದ್ದೀರಲ್ವಾ? ಕಿರೀಟ, ಭುಜಕೀರ್ತಿ ಎಲ್ಲ ಹಾಕಿಕೊಂಡು ಕುಣಿಯುತ್ತಾ ಬಂದ ರಾಜನನ್ನೇ ನಿಲ್ಲಿಸಿ ಯಾರು ನೀವು, ಎಲ್ಲಿಂದ ಬಂದಿರಿ ಅಂತಾನೆ. ರಾಜ ತನ್ನ ಪ್ರತಾಪವನ್ನೆಲ್ಲ ಅವನ ಮುಂದೆ ಹೇಳಿಕೊಳ್ಳಬೇಕು. ನಿಮ್ಮ ಕೋಟೆ ಬಾಗಿಲಲ್ಲಿ ಅಂಥ ಒಬ್ಬನನ್ನು ಕೂರಿಸಿ. ರಾಕ್ಷಸನನ್ನು ಕೊಂದು ಬಂದರೂ ಅವನು ಹೀರೋನನ್ನು ಗುರುತು ಹಿಡಿಯಬಾರದು.

ಜಮಖಂಡಿಯಿಂದ

ಕಥೆಯ ವಿಷಯ ನೀವು ನೋಡಿಕೊಳ್ಳಿ, ನಾನು ಕೋಡ್ ಬಗ್ಗೆ ಹೇಳುತ್ತೇನೆ. ನಲವತ್ತು ಜನರಿಗೂ ಕ್ಷಣ ಕ್ಷಣವೂ ದಾರಿ ಹುಡುಕಿಸಿದರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಇದು ಸಣ್ಣವರ ಕಷ್ಟ ಮಾತ್ರ ಅಲ್ಲ. 2024ರಲ್ಲಿ ಡ್ರಾಗನ್ಸ್ ಡಾಗ್ಮಾ 2 ಬಂದಾಗ ಊರೊಳಗೆ ಹೋದ ಕೂಡಲೇ ಆಟ ನಿಧಾನ ಆಗುತ್ತಿತ್ತು. ಪ್ರತಿ ಪಾತ್ರದ ಲೆಕ್ಕಕ್ಕೆ ಪ್ರೊಸೆಸರ್ ಜಾಸ್ತಿ ಖರ್ಚಾಗುತ್ತದೆ ಎಂದು ಕ್ಯಾಪ್‌ಕಾಮ್‌ನವರೇ ಹೇಳಿದರು.

ಉಪಾಯ ಸುಲಭ. ಆಟಗಾರ ಇಲ್ಲದ ಮ್ಯಾಪ್‌ನಲ್ಲಿ ಯಾರನ್ನೂ ನಡೆಸಬೇಡಿ. ಅವನು ಒಳಗೆ ಬಂದ ಕೂಡಲೇ ಆಟದ ಗಡಿಯಾರ ನೋಡಿ, ಆ ಹೊತ್ತಿಗೆ ಕಂಬಾರ ಎಲ್ಲಿರಬೇಕೋ ಅಲ್ಲೇ ತಂದು ನಿಲ್ಲಿಸಿ. ಬೆಳಗ್ಗೆಯಿಂದ ಅವನು ದುಡಿದಿದ್ದಾನೆ ಎಂದು ಆಟಗಾರ ತಾನೇ ಅಂದುಕೊಳ್ಳುತ್ತಾನೆ.

ಆಡಿದ ಮಾತೇ ಆಡುವುದು ಎಲ್ಲಕ್ಕಿಂತ ದೊಡ್ಡ ಶತ್ರು. ಸ್ಕೈರಿಮ್‌ನ (2011) ಕಾವಲುಗಾರರು ಮೊಣಕಾಲಿಗೆ ಬಾಣ ಬಿದ್ದ ಕಥೆ ಹೇಳಿ ಹೇಳಿ ಜಗತ್ತಿಗೇ ಜೋಕ್ ಆದರು. ಸಾಲು ಚೆನ್ನಾಗಿಯೇ ಇತ್ತು. ಒಬ್ಬನ ಬಾಯಲ್ಲಿ ಬಂದಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದೆವು. ಊರಿಗೊಬ್ಬ ಅದನ್ನೇ ಹೇಳಿದರೆ? ಆದ್ದರಿಂದ ಹೇಳಿದ ಸಾಲನ್ನು ಸೇವ್ ಫೈಲ್‌ನಲ್ಲಿ ಗುರುತು ಮಾಡಿಡಿ, ಉಳಿದವು ಮುಗಿಯುವವರೆಗೆ ಅದನ್ನು ಮತ್ತೆ ತೆಗೆಯಬೇಡಿ. ಒಬ್ಬನ ಸಾಲು ಇನ್ನೊಬ್ಬನಿಗೆ ಕೊಡಲೇಬೇಡಿ.

ಸಂದಿಯಲ್ಲಿ ಎನ್‌ಪಿಸಿ (ಆಟವೇ ನಡೆಸುವ ಪಾತ್ರ) ನಿಂತುಬಿಟ್ಟರೆ ಆಟಗಾರ ಒಳಗೇ ಸಿಕ್ಕಿಬೀಳುತ್ತಾನೆ. ಒಂದೆರಡು ಕ್ಷಣ ತಳ್ಳಿದರೆ ದಾರಿ ಬಿಡುವಂತೆ ಮಾಡಿ. ಕನ್ನಡದಲ್ಲಿ ಮಾತು ಹಾಕುವುದಾದರೆ ಗೊಡೊ 4ರಲ್ಲೇ ಮಾಡಿ, ಅದರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಪಿಕ್ಸೆಲ್ ಆಟದ ಸಣ್ಣ ಬಾಕ್ಸ್‌ನಲ್ಲಿ ಒತ್ತುಗಳು ಕೆಳಗಿನ ಸಾಲಿಗೆ ಬಡಿದರೆ ಎಷ್ಟು ಚಂದ ಬರೆದರೂ ಯಾರೂ ಓದುವುದಿಲ್ಲ.

ವಿಜಯಪುರದಿಂದ, ಇನ್ನೊಬ್ಬರು

ನಾನು ಕಂಪ್ಯೂಟರ್ ಆಟ ಆಡುವವನಲ್ಲ. ನಾವು ಗೆಳೆಯರು ಸೇರಿ ದಾಳ, ಕಾಗದ ಇಟ್ಟುಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, 1974ರಿಂದ ಇರುವ ಆಟ. ಕಥೆ ಹೇಳಿ ಆಟ ನಡೆಸುವ ಗೇಮ್ ಮಾಸ್ಟರ್ ನಾನೇ. ನಮ್ಮಲ್ಲಿ ಹಿನ್ನೆಲೆ ಯಾರು, ಮುನ್ನೆಲೆ ಯಾರು ಎಂಬುದನ್ನು ಆಡುವವರೇ ತೀರ್ಮಾನಿಸಿಬಿಡುತ್ತಾರೆ. ಮಂತ್ರಿಗೆ ಎರಡು ಪುಟ ಬರೆದಿಟ್ಟಿರುತ್ತೇನೆ, ಅವರು ಬಾಗಿಲಲ್ಲಿ ಚಪ್ಪಲಿ ಕಾಯುವವನ ಜೊತೆ ಮಾತಿಗೆ ಕೂರುತ್ತಾರೆ.

ಒಂದು ಸಲ ಹೀಗಾಯಿತು. ಆಟದಲ್ಲಿ ನಡುರಾತ್ರಿಯೊಳಗೆ ಇನ್ನೊಂದು ಊರು ಸೇರಬೇಕಿತ್ತು. ಗಾಡಿಯವನ ಹತ್ತಿರ ಹೋದರು. ಆ ಹೊತ್ತಿಗೆ ನನಗೆ ತೋಚಿದ್ದು: ಇವತ್ತು ಅಮಾವಾಸ್ಯೆ, ಎತ್ತು ಹೂಡೋದಿಲ್ಲ. ನಮ್ಮ ಕಡೆ ಎಷ್ಟೋ ರೈತರು ಇವತ್ತಿಗೂ ಸೋಮವಾರ, ಅಮಾವಾಸ್ಯೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗೊತ್ತಲ್ವಾ. ಬಂಗಾರ ಕೊಡುತ್ತೇವೆ ಅಂದರು, ಬೇಡ ಅಂದ. ಹೆದರಿಸಿದರು, ಎತ್ತಿನ ಮುಂದೆ ಹೋಗಿ ನಿಂತ. ಕೊನೆಗೆ ಗಾಡಿ ಕೊಟ್ಟ, ಎತ್ತು ಕೊಡಲಿಲ್ಲ. ಮಾಂತ್ರಿಕನೂ ಕಳ್ಳನೂ ನೊಗಕ್ಕೆ ಹೆಗಲು ಕೊಟ್ಟು ಎಳೆದುಕೊಂಡು ಹೋದರು! ಈಗಲೂ ಆ ಗಾಡಿಯವನನ್ನು ಕೇಳುತ್ತಾರೆ. ರಾಜನ ಹೆಸರು ಒಬ್ಬರಿಗೂ ನೆನಪಿಲ್ಲ.

ಪಾತ್ರಕ್ಕೆ ನಾನು ಮೂರೇ ವಿಷಯ ಬರೆದುಕೊಳ್ಳುತ್ತೇನೆ. ಈಗ ಕೈಯಲ್ಲಿ ಏನು ಕೆಲಸ ಇದೆ, ಇವತ್ತು ಏನು ಬೇಕಾಗಿದೆ, ಯಾವುದಕ್ಕೆ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಹೆಸರಿಗಂತೂ ನಮ್ಮ ಕಡೆ ಬರವೇ ಇಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಪತ್ತಾರ, ಬಡಿಗೇರ. ಅಡ್ಡಹೆಸರು ಹೇಳಿದರೆ ಅರ್ಧ ಮನುಷ್ಯ ಎದ್ದು ಬರುತ್ತಾನೆ. ಎಲ್ಡ್ರಿಯಾನ್, ಥಾಲೋರಿನ್ ಅಂತೆಲ್ಲ ಇಡಬೇಡಿ ಮಾರ್ರೆ, ನಾಲ್ಕು ಜನ ಬಂದ ಮೇಲೆ ಯಾರು ಯಾರೋ ಗೊತ್ತಾಗುವುದಿಲ್ಲ.

ಗುಮ್ಮಟ ಇಟ್ಟಿದ್ದೀರಿ ಅಂದಿರಿ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ಬಿಡುತ್ತೀರಾ? ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಕಡೆ ಕಿವಿಗೆ ಬೀಳುತ್ತದೆ. ಹೀರೋ ಸುಮ್ಮನೆ ಮೇಲೆ ಹೋಗಿ ನಿಂತರೆ ಆಚೆ ಬದಿಯವರ ಮಾತು ಕೇಳಬೇಕು. ಮದುವೆ ಮಾತು, ಸಾಲದ ಮಾತು, ನಡುವೆ ಎಲ್ಲೋ ಕಥೆಗೆ ಬೇಕಾದ ಒಂದು ಸಾಲು. ಮಕ್ಕಳು ಕೂಗಿಕೊಂಡು ಬಂದರೆ ಪ್ರತಿಧ್ವನಿಯಲ್ಲಿ ಎಲ್ಲ ಮುಳುಗಿಹೋಗಲಿ, ಅವು ಹೋಗುವವರೆಗೆ ಕಾಯಲಿ.

ಗೋಕಾಕದಿಂದ

ನಾನು ಯಾರನ್ನೂ ಮಾತಾಡಿಸುವುದಿಲ್ಲ. ಬಾಣದ ಗುರುತು ಎಲ್ಲಿ ತೋರಿಸುತ್ತದೋ ಅಲ್ಲಿಗೆ ಹೋಗುತ್ತೇನೆ, ಹೊಡೆಯುತ್ತೇನೆ, ಬರುತ್ತೇನೆ. ನನ್ನಂಥವರು ಬೇಕಾದಷ್ಟು ಜನ ಇದ್ದೇವೆ. ಆದರೂ ಒಂದು ಹೇಳುತ್ತೇನೆ, ಪೇಟೆ ಪೂರ್ತಿ ಖಾಲಿ ಇದ್ದರೆ ನನಗೂ ಆಟ ಅರ್ಧಕ್ಕೇ ಬಿಟ್ಟಿದ್ದಾರೆ ಅನ್ನಿಸುತ್ತದೆ. ನಿಮ್ಮ ದೋಸ್ತ ಹೇಳುವುದು ಪೂರ್ತಿ ಸುಳ್ಳಲ್ಲ. ಪೇಟೆಗೆ ಮಾತ್ರ ಗದ್ದಲ ಹಾಕಿ, ಮಾತಾಡಿಸಲು ಬರದಿದ್ದರೂ ಪರವಾಗಿಲ್ಲ.

ಪ್ರಶ್ನೆ ಕೇಳಿದವನಿಂದ

ಎಲ್ಲರ ಮಾತನ್ನೂ ದೋಸ್ತನಿಗೆ ಓದಿ ಹೇಳಿದೆ. ಗೋಕಾಕದವರದ್ದು ಕೇಳಿ ಬಹಳ ಖುಷಿಪಟ್ಟ. ಪೇಟೆಯಲ್ಲಿ ಹನ್ನೆರಡು ಜನ ಸುಮ್ಮನೆ ಓಡಾಡುತ್ತಾರೆ, ಅವರಿಗೆ ಮಾತಿಲ್ಲ, ಸಂತೆಯ ಗದ್ದಲದ ಸದ್ದು ಮಾತ್ರ. ಹೆಸರು, ಮಾತು, ಹೊತ್ತು ಇರುವವರು ಒಂಬತ್ತು ಮಂದಿ. ಬಾವಡಿಯ ನಾಲ್ವರು, ಬಾಗಿಲ ಕಾವಲುಗಾರ, ಕಂಬಾರ, ಗುಮ್ಮಟದ ಮೇಲಿನ ಇಬ್ಬರು, ಗಾಡಿಯವನು. ನೋಟಿಸ್ ಬೋರ್ಡ್ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮ ಆಟದಲ್ಲಿ ವಾರಗಳೇ ಇಲ್ಲ, ಆದ್ದರಿಂದ ಬುಧವಾರದ ಬಂದ್ ಆಗುವುದಿಲ್ಲ. ಚಂದ್ರ ಇದ್ದಾನೆ. ಅಮಾವಾಸ್ಯೆ ದಿನ ಗಾಡಿ ಹೂಡುವುದಿಲ್ಲ, ಬೇರೆ ಊರಿಗೆ ಬೇಗ ಹೋಗುವ ದಾರಿ ಅವತ್ತು ಬಂದ್. ಕಲ್ಪನೆ ಕೊಟ್ಟ ಕಾಕಾ ಅವರ ಅಪ್ಪಣೆ ಬೇಕು.

ವಿಜಯಪುರದಿಂದ, ಇನ್ನೊಬ್ಬರು

ತಗೊಳ್ರಿ. ಗಾಡಿಯವನಿಗೆ ಉಳ್ಳಾಗಡ್ಡಿ ಅಂತ ಹೆಸರಿಡಿ.

ಜಮಖಂಡಿಯಿಂದ

ಅವತ್ತು ನಡೆದುಕೊಂಡು ಹೋಗುವ ದಾರಿ ಮಾತ್ರ ತೆರೆದಿರಲಿ. ಗಾಡಿಯೂ ಇಲ್ಲ, ದಾರಿಯೂ ಇಲ್ಲ ಅಂದರೆ ಗೋಕಾಕದವರು ಆಟವನ್ನೇ ಡಿಲೀಟ್ ಮಾಡುತ್ತಾರೆ.